ದತ್ತಿ ಉಪನ್ಯಾಸದಲ್ಲಿ ನಾನು ನುಂಗಿದ ಹೆಸರು

ಬೆಳಗಾವಿ ಕ್ಯಾಂಪಿನ ಆ ಹಿರಿಯ ಡಾಕ್ಟರನ್ನು ಬದುಕಿದ್ದಾಗಲೇ ನಾನು ಸಹಿಸುತ್ತಿರಲಿಲ್ಲ. ಅವನು ಸತ್ತ ಮೇಲೆ ಅವನ ಹೆಸರಿನಲ್ಲಿ ಅರಿವಳಿಕೆಯ ಸಾಧಕರಿಗೊಂದು ಪ್ರಶಸ್ತಿ, ಜೊತೆಗೊಂದು ದತ್ತಿ ಉಪನ್ಯಾಸ ಎಂದು ಶುರುವಾದಾಗ ಮೈಯೆಲ್ಲ ಉರಿಯಿತು. ಅದರ ಮೇಲೆ ಮೊದಲ ವರ್ಷದ ಪ್ರಶಸ್ತಿಯೂ ಉಪನ್ಯಾಸವೂ ನನಗೇ ಬಂದವು. ಸಾವಿರಾರು ಜನರಿಗೆ ನೋವಿಲ್ಲದ ನಿದ್ರೆ ದಯಪಾಲಿಸಿದ ಮಹಾತ್ಮ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಬಸ್ಸಿನಲ್ಲಿ ಅದನ್ನು ಓದಿ ಎಲ್ಲರಿಗೂ ಕೇಳುವಂತೆ ಛೀ ಎಂದೆ.

ಎಪ್ಪತ್ತರ ದಶಕದಲ್ಲಿ ಅರಿವಳಿಕೆಯ ಡಿಪ್ಲೊಮಾ ಮುಗಿಸಿ ನಾನು ಖಾನಾಪುರದ ಸಣ್ಣ ಆಸ್ಪತ್ರೆಗೆ ಸೇರಿದಾಗ, ಈ ಮಹಾತ್ಮ ವಾರಕ್ಕೊಮ್ಮೆ ಬೆಳಗಾವಿಯಿಂದ ಕಾರಿನಲ್ಲಿ ಬಂದು ಆಫೀಸಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಒಳಗೆ ರೋಗಿಯ ತಲೆಯ ಕಡೆ ನಿಂತು, ಮುಖದ ಮೇಲಿನ ತಂತಿಯ ಮಾಸ್ಕಿಗೆ ಹನಿಹನಿಯಾಗಿ ಈಥರ್ ಬಿಡುತ್ತಿದ್ದವರು ಥಿಯೇಟರಿನ ಜವಾನ. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಕೇಸು ಮುಗಿದ ಮೇಲೆ ರಿಜಿಸ್ಟರು ಆಫೀಸಿಗೆ ಹೋಗುತ್ತಿತ್ತು. ಅರಿವಳಿಕೆ ಕೊಟ್ಟವರು ಎಂಬ ಕಾಲಮ್ಮಿನಲ್ಲಿ ಡಾಕ್ಟರ್ ಉದ್ದಕ್ಕೆ ಸಹಿ ಎಳೆಯುತ್ತಿದ್ದ. ಅವನ ಕೈಗೆ ಒಂದು ಸಲವಾದರೂ ಈಥರಿನ ವಾಸನೆ ಹತ್ತಿದ್ದನ್ನು ನಾನು ಕಾಣೆ.

ನನಗೆ ಕೆಲಸ ಕಲಿಸಿದವರೂ ಚಾಚಾನೇ. ಒಮ್ಮೆ ರೋಗಿಯೊಬ್ಬನ ಉಸಿರು ಸಿಕ್ಕಿಕೊಂಡಾಗ ನಾನು ಮಾಸ್ಕನ್ನೇ ಇನ್ನಷ್ಟು ಒತ್ತಿ ಹಿಡಿದಿದ್ದೆ. ಅವರು ಮುಂದೆ ಬಂದು ದವಡೆ ಎತ್ತಿ ಹಿಡಿದು ತೋರಿಸಿದರು.

"ಮೂರು ಬಳ್ಳಿಂದ ದವಡಿ ಎತ್ರಿ ಡಾಕ್ಟರಬಾಯಿ. ಕಿರುಬಳ್ಳು ಇಲ್ಲಿ, ನಾಡಿ ಮ್ಯಾಲ ಇರ್ಲಿ. ಏನ ಆದ್ರೂ ಅದನ್ನ ಬಿಡಬ್ಯಾಡ್ರಿ."

ಉಪನ್ಯಾಸದ ಹೊತ್ತಿಗೆ, ಅಂದರೆ ಎಂಬತ್ತರ ದಶಕದಲ್ಲಿ, ನಾನು ಬೆಳಗಾವಿಯಲ್ಲಿ ಮನೆ ಮಾಡಿದ್ದೆ. ಆದರೂ ಬುಧವಾರಗಳಂದು ಖಾನಾಪುರಕ್ಕೆ ಹೋಗುತ್ತಿದ್ದೆ. ಕುತ್ತಿಗೆ ದಪ್ಪಗಿದ್ದ ರೋಗಿ ಬಂದರೆ ಉಸಿರು ಕಟ್ಟದಂತೆ ಮಾಸ್ಕ್ ಹಿಡಿಯಲು ಚಾಚಾನೇ ಬೇಕಿತ್ತು. ಅಂಥದೊಂದು ಬುಧವಾರ, "ಉಪನ್ಯಾಸದ ಸಭಾದಾಗ ನಿಮ್ಮ ಹೆಸರು ಹೇಳಾಕಿ ನಾನು" ಎಂದೆ.

ಅವರು ಒರೆಸುತ್ತಿದ್ದ ಟ್ರೇ ಕೆಳಗಿಟ್ಟರು. "ಖರೇನ ಹೇಳ್ತೀರೇನ್ರಿ? ಹಂಗಾರ ನನ್ನ ಮಗಳನ್ನೂ ಕರ್ಕೊಂಡು ಬರ್ತೀನಿ. ತನ್ನ ಅಬ್ಬಾ ಬರೇ ಫರಶಿ ಒರಸ್ತಾನ ಅಂತ ತಿಳದಾಳ ಆಕಿ."

ಸಭೆಯ ದಿನ ನನ್ನ ಬರಹವನ್ನು ಮೊದಲೇ ಓದಿದ್ದ ದತ್ತಿ ಸಮಿತಿಯ ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದ. ಅವನ ಮುಖದ ಮೇಲಿನ ನಗು ಈಗಲೂ ನೆನಪಾಗಿ ಸಿಟ್ಟು ಬರುತ್ತದೆ.

"ಬಾಯಾರ, ಡಿಗ್ರಿ ಇಲ್ದಾವ ಈಥರ್ ಕೊಡ್ತಿದ್ದ ಅಂತ ಮೈಕಿನಾಗ ಹೇಳ್ತೀರಲ್ಲ, ನಾಳೆ ಪೊಲೀಸ್ರು ಬಂದ್ರ? ಮುದುಕನ್ನ ಹಿಂಡಲಗಾ ಜೇಲಿಗೆ ಕಳಸೂದೈತೇನು? ಅಂದಂಗ, ಪ್ರಶಸ್ತಿ ಕೊಡಾಕ ದತ್ತಿ ಇಟ್ಟ ಡಾಕ್ಟರ ಮನಿಯವರ ಬಂದಾರ, ಮುಂದಿನ ಸಾಲಿನ್ಯಾಗ ಕುಂತಾರ."

ನಾನು ಹೆದರಿದ್ದು ಚಾಚಾನಿಗಾಗಿ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಅದು ಶುದ್ಧ ಸುಳ್ಳು. ನನಗೆ ಆ ಪ್ರಶಸ್ತಿ ಫಲಕ ಬೇಕಿತ್ತು.

ಚಾಚಾನ ಹೆಸರಿದ್ದ ಪುಟ ಬಂದಾಗ ಸುಮ್ಮನೆ ದಾಟಿಸಿ ಮುಂದೆ ಹೋಗಿದ್ದರೂ ಆಗುತ್ತಿತ್ತು. ಆದರೆ ಮುಂದಿನ ಸಾಲು ನನ್ನನ್ನೇ ನೋಡುತ್ತಿತ್ತು. ದವಡೆ ಎತ್ತುವುದನ್ನು, ಕಿರುಬೆರಳಿನಿಂದ ನಾಡಿ ಕಾಯುವುದನ್ನು ನನಗೆ ಕಲಿಸಿದವರು ಈ ದಿವಂಗತ ಗುರುಗಳೇ ಎಂದುಬಿಟ್ಟೆ. ಭರ್ಜರಿ ಚಪ್ಪಾಳೆ ಬಿತ್ತು. ಕೊನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ ಚಾಚಾ ಕೈ ಎತ್ತಲಿಲ್ಲ. ಏನೂ ಅರಿಯದ ಮಗಳು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಶಾಲು ಹೊದಿಸಿಕೊಂಡು ಕೆಳಗಿಳಿದು ನೋಡಿದರೆ ಇಬ್ಬರೂ ಹೊರಟುಹೋಗಿದ್ದರು.

ಮುಂದಿನ ಬುಧವಾರ ಖಾನಾಪುರದಲ್ಲಿ ದಪ್ಪ ಕುತ್ತಿಗೆಯ ಹೆಂಗಸೊಬ್ಬಳು ಟೇಬಲ್ಲಿನ ಮೇಲೆ ಮಲಗಿದ್ದಳು. ನಾನು ಎಂದಿನಂತೆ, "ಚಾಚಾ, ಬರ್ರಿ, ಸ್ವಲ್ಪ ಹಿಡೀರಿ" ಎಂದೆ.

ಅವರು ಬಾಗಿಲ ಹತ್ತಿರವೇ ನಿಂತಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮಗ ಕಲಿಸಿದವರನ್ನ ಕರೀರಿ, ಡಾಕ್ಟರಬಾಯಿ" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದರು.