ಆರರ ಕೆಳಗೆ ಅರವತ್ತು

ಅತ್ತೆಯ ಕಣ್ಣು ಮಂಜಾಗಿದೆಯೆಂಬುದು ಶಹಾಬಾದಿನ ನಮ್ಮ ಓಣಿಯಲ್ಲಿ ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅಂಗಳದ ಹಾಸುಗಲ್ಲಿನ ಮೇಲೆ ಬಿದ್ದ ಕಪ್ಪು ಬಟ್ಟೆಯನ್ನು ಬೆಕ್ಕೆಂದು ತಿಳಿದು ಓಡಿಸುವರು. ಅದು ಓಡದಿದ್ದರೆ ಬೆಕ್ಕಿಗೆ ಸೊಕ್ಕು ಬಂದಿದೆ ಎನ್ನುವರು. ಹೀಗಾಗಿ, ಚಿತ್ತಾಪುರದಲ್ಲಿ ಕಣ್ಣಿನ ತಪಾಸಣೆಯ ಶಿಬಿರವಿದೆ ಎಂದಾಗ ಅವರು ಹೊರಟದ್ದು ತಮಗಾಗಿ ಅಲ್ಲ, ಪಕ್ಕದ ಮನೆಯ ಆಪಾನಿಗಾಗಿ. ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ; ಓಣಿಗೆಲ್ಲ ಅವರು ಆಪಾ. ಬಟ್ಟೆ ಹೊಲಿಯುವವರು. ಈಚೆಗೆ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದ್ದರು.

"ಪಾಪ, ಆಪಾನ ಕಣ್ಣು ಹೋಗ್ಯಾವ. ಜೋಡಿಗಿ ನಾನೂ ಬರ್ತೀನಿ," ಎಂದರು ಅತ್ತೆ. ಇಬ್ಬರನ್ನೂ ಕರೆದೊಯ್ಯುವ ಕೆಲಸ ಸೊಸೆಯಾದ ನನ್ನ ಪಾಲಿಗೆ ಬಂತು.

ಶಿಬಿರ ಒಂದು ಶಾಲೆಯಲ್ಲಿತ್ತು. ನಾಲ್ಕನೆಯ ಇಯತ್ತೆ ಓದಿದ ಅತ್ತೆಗೆ ಕನ್ನಡ ಅಕ್ಷರಗಳ ತಖ್ತೆ ತೋರಿಸಿದರು. ಮೇಲಿನ ದೊಡ್ಡ ಅಕ್ಷರವನ್ನು ಗಟ್ಟಿಯಾಗಿ ಓದಿದ ಅತ್ತೆ, ಎರಡನೆಯ ಸಾಲಿಗೆ ಬಂದೊಡನೆ ತಿರುಗಿಬಿದ್ದರು. "ಇಷ್ಟು ಸಣ್ಣದು ಬರದ್ರ ಯಾರಿಗಿ ಕಾಣಸ್ತದ್ರಿ? ದೊಡ್ಡದು ಬರೀಲಿಕ್ಕ ಏನಾಗಿತ್ತು?"

ಆಪಾನಿಗೆ ಉರ್ದು ಬಿಟ್ಟರೆ ಬೇರೆ ಲಿಪಿ ಬಾರದು. ಅವರಿಗೆ ಮೂರು ಹಲ್ಲಿನ ಬಾಚಣಿಗೆಯಂಥ ಚಿತ್ರಗಳ ತಖ್ತೆ. ಹಲ್ಲು ಯಾವ ಕಡೆಗಿದೆಯೋ ಆ ಕಡೆಗೆ ಬೆರಳು ತಿರುಗಿಸಬೇಕು. ಆಪಾ ಕೊನೆಯ ಸಾಲಿನವರೆಗೂ ಸರಸರನೆ ತಿರುಗಿಸಿದರು.

"ಇದೇನು ಪರೀಕ್ಷಾ? ಬರೇ ಕೈ ತಿರುವೋದು," ಎಂದು ಅತ್ತೆ ಗೊಣಗಿದರು.

ಹೊರಗೆ ಬಂದ ಮೇಲೆ ಚೀಟಿಗಳನ್ನು ಓದಿ ಹೇಳಿದೆ. ಅತ್ತೆಯ ಎರಡೂ ಕಣ್ಣಿಗೆ ಆರರ ಕೆಳಗೆ ಅರವತ್ತು. ಆಪಾನದು ಆರರ ಕೆಳಗೆ ಆರು, ಹತ್ತಿರದ ಕೆಲಸಕ್ಕಷ್ಟೇ ಚಷ್ಮಾ ಬೇಕು.

ಅತ್ತೆಯ ಮುಖ ಅರಳಿತು. "ಬರೇ ಆರಾ? ಚಿಂತಿ ಮಾಡಬ್ಯಾಡ್ರಿ ಆಪಾ. ವಯಸ್ಸಾದ ಮ್ಯಾಲ ಹಂಗೇ."

ಆಪಾ ಸಪ್ಪಗಾದರು. "ನಮ್ಮ ನಸೀಬದಾಗ ಆರೇ ಅದ, ಅಕ್ಕಾ."

ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. ಇವು ಅಂಕಗಳಲ್ಲ, ಮೇಲಿನದು ನಾವು ತಖ್ತೆಯಿಂದ ಎಷ್ಟು ಮೀಟರ್ ದೂರ ನಿಂತೆವು ಎಂಬುದು, ಕೆಳಗಿನದು ಅದೇ ಅಕ್ಷರವನ್ನು ಛಲೋ ಕಣ್ಣಿನವರು ಎಷ್ಟು ದೂರದಿಂದ ಓದಬಲ್ಲರು ಎಂಬುದು ಎಂದೆ. "ಆಪಾ ಅರವತ್ತು ಮೀಟರ್ ದೂರ ನಿಂತು ನೋಡೋದನ್ನ ನೀವು ಆರ್ ಮೀಟರಿಗಿ ಬಂದು ನೋಡ್ತೀರಿ, ಅತ್ತಿ."

ಅತ್ತೆ ವಿಚಾರ ಮಾಡಿದರು. "ಯಾವುದೇ ಆಗ್ಲಿ, ಹತ್ರ ಹೋಗಿ ನೋಡೋದೇ ಛಲೋ ಅಲ್ಲೇನು? ದೂರ ನಿಂತವ್ರಿಗಿ ಏನ್ ತಿಳೀತದ?"

ನಾನು ಬಾಳೆಹಣ್ಣು ತರಲು ಹೋದೆ. ಮರಳಿ ಬಂದಾಗ ಬಸ್ ನಿಲ್ದಾಣದಲ್ಲಿ ಇಬ್ಬರೂ ದೂರದ ಬಸ್ಸುಗಳ ಬೋರ್ಡು ಓದುತ್ತಿದ್ದರು. ಆಪಾ ಆಕಾರ ಹೇಳುವುದು, ಅತ್ತೆ ಅರ್ಥ ಹೇಳುವುದು.

"ಎರಡೇ ಅಕ್ಷರ ಅವ, ಅಕ್ಕಾ. ಕಡೀಗಿ ಒಂದು ಸೊನ್ನಿ ಅದ."

"ಅದು ಸೇಡಂದು. ಬಿಡ್ರಿ."

"ಬಾಜೂದಕ್ಕ ನಾಕು ಅಕ್ಷರ. ನಡುವಿನ ಎರಡಕ್ಕೂ ಬಾಲ ಅದ."

"ಬಾಲ ಅಲ್ರಿ, ದೀರ್ಘ. ಶಹಾಬಾದ! ನಡೀರಿ, ಜಾಗ ಹಿಡೀರಿ."

ಕನ್ನಡಕ ಹಾಕಿಕೊಂಡ ಪದವೀಧರೆಯಾದ ನಾನು ಬಾಳೆಹಣ್ಣು ಹಿಡಿದು ಅವರ ಹಿಂದೆ ಓಡಿದೆ. ಜಾಗ ಇಬ್ಬರಿಗೆ ಮಾತ್ರ ಸಿಕ್ಕಿತ್ತು. ನಡುದಾರಿಯ ವಾಡಿಯವರೆಗೂ ನಿಂತೇ ಬಂದೆ.

ಅತ್ತೆಯ ಕಣ್ಣಿನ ಪೊರೆ ತೆಗೆಸಬೇಕೆಂದು ಶಿಬಿರದ ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಅತ್ತೆ ತಕರಾರಿಲ್ಲದೆ ಒಪ್ಪಿದರು, ಅರವತ್ತು ಇನ್ನಷ್ಟು ಏರುತ್ತದೆಂಬ ಆಸೆಯಿಂದ. ಅವರ ಲೆಕ್ಕ ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಕಲಬುರಗಿಯಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಅತ್ತೆ ಕಪ್ಪು ಚಷ್ಮಾ ಹಾಕಿಕೊಂಡು ಅಲ್ಲಿಯೇ ಬಳಗದವರ ಮನೆಯಲ್ಲಿ ಉಳಿದರು. ಕೆಲವು ವಾರಗಳ ಮೇಲೆ ಅದನ್ನು ತೆಗೆಸಿ ಮತ್ತೆ ತಪಾಸಣೆ ಮಾಡಿದ ಡಾಕ್ಟರು ಸಂತೋಷದಿಂದ ಆರರ ಕೆಳಗೆ ಒಂಬತ್ತು ಎಂದು ಬರೆದರು.

"ಈಗ ಹ್ಯಾಂಗ ಕಾಣಸ್ತದ, ಅವ್ವಾ?" ಎಂದು ಕೇಳಿದರು.

"ಕಾಣಸೋದು ಎಲ್ಲಾ ಕಾಣಸ್ತದ್ರಿ. ಅರವತ್ತಿದ್ದದ್ದು ಒಂಬತ್ತಕ್ಕ ಯಾಕ ಇಳಿಸೀರಿ, ಅದನ್ನ ಹೇಳ್ರಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ತಖ್ತೆ ನೋಡಿದೆ.

ಮನೆಗೆ ಬಂದಾಗ ಆಪಾ ಹೊಸ ಚಷ್ಮಾ ಹಾಕಿಕೊಂಡು ಅಂಗಳದಲ್ಲಿ ಕಾದಿದ್ದರು. ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಬಹಳ ವರ್ಷಗಳ ಮೇಲೆ ಗೆಳತಿಯ ಮುಖ ಸರಿಯಾಗಿ ಕಂಡಿತ್ತು.

"ಯವ್ವಾ! ಆಪಾ, ಯಾವಾಗ ಇಷ್ಟು ಮುದುಕಿ ಆದ್ರಿ?"

ಆಪಾ ನಗಲಿಲ್ಲ. "ನಿಮ್ಮ ಜೋಡೀನೇ ಆದೆ, ಅಕ್ಕಾ. ಒಳಗ ಹೋಗಿ ಕನ್ನಡಿ ನೋಡ್ರಿ."

ಅತ್ತೆ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಚಹಾ ಒಯ್ದಾಗ ಕನ್ನಡಿಯ ಮುಂದೆ ಕುಳಿತು ಕೆನ್ನೆಯ ಚರ್ಮವನ್ನು ಹಿಂದಕ್ಕೆ ಎಳೆದು, ಬಿಟ್ಟು, ಮತ್ತೆ ಎಳೆದು ನೋಡುತ್ತಿದ್ದರು.

"ನಿಂಗೆಲ್ಲಾ ಮೊದಲೇ ಕಾಣಸ್ತಿತ್ತೇನು?" ಎಂದರು.

"ಹೂಂ ಅತ್ತಿ."

"ಒಂದಿನಾನೂ ಹೇಳಲಿಲ್ಲ," ಎಂದು ಚಹಾ ತೆಗೆದುಕೊಂಡರು.

ಮರುದಿನ ನಾನು ಸಂತೆಯಿಂದ ಬರುವಷ್ಟರಲ್ಲಿ ಇಬ್ಬರೂ ಅಂಗಳದ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಬಟ್ಟಲಲ್ಲಿ ಕಲಸಿದ ಮೆಹಂದಿ. ಆಪಾ ಅತ್ತೆಯ ಬೈತಲೆ ತೆಗೆದು, ಬಿಳಿಗೂದಲನ್ನು ಹುಡುಕಿ ಹುಡುಕಿ ಹಚ್ಚುತ್ತಿದ್ದರು.