ಹಸಿದ ಕೌದಿ

ಟ್ರಂಕಿನ ಮುಚ್ಚಳ ತೆಗೆದರೆ ಮೊದಲು ಮೂಗಿಗೆ ಬರುವುದು ಒಣಗಿದ ಬೇವಿನೆಲೆಯ ಘಾಟು. ಅದರ ಹಿಂದೆಯೇ ಎಷ್ಟೋ ಚಳಿಗಾಲ ಮೈಗೆ ಉಜ್ಜಿ ಉಜ್ಜಿ ಮೆತ್ತಗಾದ ಹತ್ತಿಬಟ್ಟೆಯ ವಾಸನೆ. ಮೊನ್ನೆ ದೀಪಾವಳಿ ಪಾಡ್ಯದ ಬೆಳಿಗ್ಗೆ ಬಳ್ಳಾರಿಯ ಈ ಬಾಡಿಗೆ ಮಹಡಿಯಲ್ಲಿ ಆ ಟ್ರಂಕು ತೆಗೆದು ಕೂತಾಗ, ಸಿರಿಗೇರಿಯ ದೊಡ್ಡವ್ವನ ಪಡಸಾಲೆ ಕಣ್ಣ ಮುಂದೆ ಬಂದು ನಿಂತಿತು. ಸಗಣಿ ಸಾರಿಸಿದ ನೆಲ, ಗೂಟಕ್ಕೆ ನೇತುಹಾಕಿದ ನೂಲಿನ ಉಂಡೆ, ನೆಲದ ತುಂಬ ಹಾಸಿದ ಕೌದಿ, ಅದರ ನಡುವೆ ಒಂದು ಕಾಲು ಚಾಚಿ ಕೂತ ದೊಡ್ಡವ್ವ. ಆ ಮನೆ ಈಗಿಲ್ಲ. ಅಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಅಂಗಡಿ ಇದೆ. ಬಸ್ಸಿನಿಂದ ನೋಡಿದರೆ ನಮ್ಮ ಪಡಸಾಲೆ ಇದ್ದ ಜಾಗದಲ್ಲಿ ಟೈರು ಪೇರಿಸಿರುವುದು ಕಾಣುತ್ತದೆ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ, ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ದಸರೆ ಮುಗಿದ ಮಾರನೆಯ ದಿನ ಹೊಸ ಕೌದಿ ಹೊಲಿಯಲು ಹಾಸುವಳು. ಹಳೆಯ ಸೀರೆ, ದೊಡ್ಡಪ್ಪನ ಧೋತರ, ನನ್ನ ಹರಿದ ಲಂಗ, ಯಾವುದನ್ನೂ ಬಿಸಾಡುವಂತಿರಲಿಲ್ಲ. ಪಾಡ್ಯದ ದಿನ ಹೊಲಿಗೆ ಮುಗಿಯಲೇಬೇಕು, ಆ ಕೌದಿ ಊರಿನ ಯಾವುದಾದರೂ ಬಾಣಂತಿಗೋ ತವರಿಗೆ ಬಂದ ಮಗಳಿಗೋ ಹೋಗಲೇಬೇಕು. ಮುಗಿಸುವುದಕ್ಕೂ ಒಂದು ಪದ್ಧತಿ ಇತ್ತು. ಒಂದು ಮೂಲೆಯಲ್ಲಿ ನಾಲ್ಕು ಬೆರಳಗಲ ಬಾಯಿ ಬಿಟ್ಟು, ಅದರೊಳಗೆ ಹಬ್ಬದ ಹೋಳಿಗೆಯ ಒಂದು ಚೂರು ಇಟ್ಟು, ಆಮೇಲೆ ಬಾಯಿ ಮುಚ್ಚಿ, ಮೇಲೆ ಮುಕ್ಕೋನದ ಬಟ್ಟೆಯ ಹೂ ಹೊಲಿಯುವುದು. ಕೌದಿಗೆ ಉಣಿಸುವುದು ಎಂದರೆ ಇದೇ. ಇರುವೆ ಮುತ್ತುವುದಿಲ್ಲವೇ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ‘ಅವೂ ಉಣ್ಣಲಿ ಬಿಡು’ ಅಂದಿದ್ದಳು. ಆದರೆ ಹೊಲಿದವಳೇ ಉಣಿಸುವಂತಿರಲಿಲ್ಲ.

‘ಹೊಲಿದಾಕಿಗೆ ಬ್ಯಾಸರ ಆಗಿರ್ತೈತಿ. ಬ್ಯಾಸರದ ಕೈತುತ್ತು ಯಾರ ಮೈಗೆ ಹತ್ತತೈತಿ? ಉಣಿಸಾಕ ಬ್ಯಾರೆ ಕೈನ ಬೇಕು’ ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆ ಬೇರೆ ಕೈ ನನ್ನದು.

ನನಗೆ ಎಂಟು ವರ್ಷವಿದ್ದಾಗಿನ ಪಾಡ್ಯ. ಪೂಜೆ ಮುಗಿಯುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ, ಬೆಳಿಗ್ಗೆಯಿಂದ ಹೂರಣದ ಘಮಕ್ಕೆ ನಾನು ಒಲೆಯ ಸುತ್ತಲೇ ಸುಳಿಯುತ್ತಿದ್ದೆ. ಪೂಜೆ ಮುಗಿಸಿ ದೊಡ್ಡವ್ವ ಅರ್ಧ ಹೋಳಿಗೆ ನನ್ನ ಕೈಗಿಟ್ಟು, ‘ಚಿಟಿಕಿಯಷ್ಟು ಅದಕ್ಕ, ಉಳಿದದ್ದು ನಿನಗ’ ಎಂದು ಒಳಗೆ ಹೋದಳು. ನಾನು ಮೊದಲು ನನ್ನ ಪಾಲು ತಿನ್ನಲು ಶುರುಮಾಡಿದೆ. ನೋಡಿಕೊಳ್ಳುವಷ್ಟರಲ್ಲಿ ಕೈ ಖಾಲಿ.

‘ಉಂಡಿತೇನ್ಲೇ ಕೌದಿ?’ ಎಂದು ಒಳಗಿನಿಂದಲೇ ಕೇಳಿದಳು.

‘ಹೂಂ ದೊಡ್ಡವ್ವ, ಉಂಡಿತು’ ಅಂದೆ. ಅವಳು ಬಂದು ಬಾಯಿ ಮುಚ್ಚಿ ಹೊಲಿದಳು.

ಆ ವರ್ಷ ಮಾತ್ರ ಅದೇಕೋ ಕೌದಿಯನ್ನು ಯಾರಿಗೂ ಕೊಡಲಿಲ್ಲ. ‘ಈ ಸಲದ್ದು ನನಗ ಇರ್ಲಿ’ ಎಂದು ತಾನೇ ಹೊದ್ದಳು. ಆ ಚಳಿಗಾಲದಲ್ಲೇ ಅವಳಿಗೆ ಕೆಮ್ಮು ಹಿಡಿಯಿತು. ಹಸಿದ ಕೌದಿ ಹೊದ್ದವರನ್ನೇ ತಿನ್ನುತ್ತದೆ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ಆ ಮಾತು ನೆನೆದಾಗಲೆಲ್ಲ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅವಳು ಕೆಮ್ಮಿದಾಗಲೆಲ್ಲ ಕೌದಿಯ ತುದಿ ಹಿಡಿದು, ‘ತಿನ್ನಬ್ಯಾಡ, ತಿನ್ನಬ್ಯಾಡ’ ಎಂದು ಒಳಗೊಳಗೇ ಬೇಡುತ್ತಿದ್ದೆ. ನಿಜ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕೆಮ್ಮು ಹೋಯಿತು. ಅದಾದ ಮೇಲೆ ದೊಡ್ಡವ್ವ ಮೂವತ್ತು ವರ್ಷಕ್ಕೂ ಹೆಚ್ಚು ಬದುಕಿದಳು, ಕೊನೆಯ ದಿನವೂ ಅದೇ ಕೌದಿ ಅವಳ ಮೈಮೇಲಿತ್ತು. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ಆದರೂ ಅವಳ ತಲೆದೆಸೆಯಲ್ಲಿ ಕೂತು ಆ ಅರ್ಧ ಹೋಳಿಗೆಯನ್ನೇ ನೆನೆದು ಅತ್ತೆ.

ಈ ವರ್ಷ ನಾನೂ ಒಂದು ಕೌದಿ ಹೊಲಿದೆ. ನಮ್ಮ ಯಜಮಾನರು ಹೋಗಿ ಎರಡು ವರ್ಷವಾಯಿತು, ಅವರ ಅಂಗಿಗಳನ್ನು ಯಾರಿಗೂ ಕೊಡಲು ಮನಸ್ಸು ಬಂದಿರಲಿಲ್ಲ. ಅವುಗಳನ್ನೇ ಕತ್ತರಿಸಿದೆ, ಜೊತೆಗೆ ದೊಡ್ಡವ್ವನ ಎರಡು ಸೀರೆ ಸೇರಿಸಿದೆ. ಸಾಲದ್ದಕ್ಕೆ ಕೆಳಗಿನ ಮನೆಯ ಮಾಬುಬಿ ತಾನು ಕೆಲಸ ಮಾಡುವ ಜೀನ್ಸ್ ಕಾರ್ಖಾನೆಯಿಂದ ತುಂಡು ಬಟ್ಟೆ ತಂದುಕೊಟ್ಟಳು. ‘ಟೀಚರಮ್ಮ, ಈ ದಪ್ಪ ಬಟ್ಟಿಗೆ ಕೈಸೂಜಿ ಹಾಕ್ತೀರೇನ್ರಿ? ಬೆರಳು ಹೋಗ್ತಾವ. ತರ್ರಿ ಇಲ್ಲಿ, ಮಿಷಿನ್ನಾಗ ಹೊಡ್ಕೊಡ್ತೀನಿ’ ಎಂದು ಬೈದರೂ ನಾನು ಕೈಯಲ್ಲೇ ಹೊಲಿದೆ. ಉಣಿಸುವ ವಿಷಯ ಹೇಳಿದಾಗ ನಕ್ಕು, ‘ಹಬ್ಬದ ದಿನ ನಾನ ಬಂದು ಉಣಸ್ತೀನ್ರಿ’ ಅಂದಿದ್ದಳು. ಆದರೆ ಹಬ್ಬದ ಹಿಂದಿನ ದಿನವೇ ಆದೋನಿಯಲ್ಲಿ ಅವಳ ಮಗಳಿಗೆ ಹೆರಿಗೆ ನೋವು ಶುರುವಾಗಿ, ಇದ್ದ ಸೀರೆಯಲ್ಲೇ ಬಸ್ಸು ಹತ್ತಿದಳು.

ಹೀಗಾಗಿ ಪಾಡ್ಯದ ಬೆಳಿಗ್ಗೆ ನಾನಿದ್ದೆ, ನಾಲ್ಕು ಬೆರಳು ಬಾಯಿ ಬಿಟ್ಟ ಕೌದಿ ಇತ್ತು, ತಟ್ಟೆಯಲ್ಲಿ ಅಂಗಡಿಯಿಂದ ತಂದ ಒಂದೇ ಒಂದು ಹೋಳಿಗೆ ಇತ್ತು. ಬೇರೆ ಕೈ ಇರಲಿಲ್ಲ. ಹಾಲಿನವನನ್ನು ಕರೆಯಲೇ ಎಂದುಕೊಂಡೆ, ನಗೆ ಬಂತು, ಅದರ ಬೆನ್ನಿಗೇ ಅಳು ಬಂತು. ಇಷ್ಟು ದೊಡ್ಡ ಊರಿನಲ್ಲಿ ಒಂದು ಚೂರು ಹೋಳಿಗೆ ಇಡುವುದಕ್ಕೆ ನನಗೆಂದು ಒಂದು ಕೈ ಇಲ್ಲವಾಯಿತಲ್ಲ ಅನ್ನಿಸಿತು. ಕೊನೆಗೆ ಮೂಲೆಗೆ ದೊಡ್ಡವ್ವ ಹೊಲಿದ ಹೂವಾದರೂ ಇರಲಿ ಎಂದು ಟ್ರಂಕಿನಿಂದ ಅವಳ ಆ ಹಳೆಯ ಕೌದಿ ತೆಗೆದು, ಅದರ ಮೂಲೆಯ ಹೂವನ್ನು ಬಿಚ್ಚತೊಡಗಿದೆ.

ಇಡೀ ಕೌದಿಗೆ ಬಿಳಿ ದಾರ, ಆ ಹೂವಿನ ಕೆಳಗಿನ ಬಾಯಿಗೆ ಮಾತ್ರ ಕೆಂಪು ದಾರ. ಮುಚ್ಚಿದ್ದನ್ನು ಬಿಚ್ಚಿ ಯಾರೋ ಮತ್ತೆ ಹೊಲಿದಿದ್ದರು. ಒಳಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಗಂಟು ಸಿಕ್ಕಿತು. ಗಂಟಿನ ಬಟ್ಟೆ ನನ್ನ ಆಗಿನ ಹಳದಿ ಲಂಗದ್ದು, ಒಳಗೆ ಐದು ಕಾಳು ಭತ್ತ. ಹೋಳಿಗೆ ಎಲ್ಲಿಂದ ಸಿಗಬೇಕು, ಅದು ನನ್ನ ಹೊಟ್ಟೆಗೆ ಸೇರಿತ್ತಲ್ಲ. ಅವಳಿಗೆ ಗೊತ್ತಿತ್ತು. ನನ್ನ ತುಟಿಗೆ ಹೂರಣ ಮೆತ್ತಿಕೊಂಡಿತ್ತೋ ಏನೋ, ಮುಖ ನೋಡಿಯೇ ತಿಳಿದಳೋ ಏನೋ. ಯಾವಾಗಲೋ ಒಬ್ಬಳೇ ಕೂತು, ತನ್ನ ಮಾತನ್ನು ತಾನೇ ಮುರಿದು, ಹೊಲಿದ ಕೈಯಿಂದಲೇ ಉಣಿಸಿ, ನನಗೆ ಒಂದು ಮಾತೂ ಹೇಳದೆ ಅದನ್ನೇ ಹೊದ್ದು ಬದುಕಿದ್ದಳು. ನಾನು ಅರ್ಧ ಆಯುಷ್ಯ ಹೊತ್ತ ಭಾರವನ್ನು ಅವಳು ಎಂದೋ ಇಳಿಸಿಟ್ಟಿದ್ದಳು, ನನಗೆ ತಿಳಿದಿರಲಿಲ್ಲ ಅಷ್ಟೆ.

ಆ ಗಂಟನ್ನು ಮೊದಲಿದ್ದಂತೆಯೇ ಮತ್ತೆ ಕಟ್ಟಿದೆ. ನನ್ನ ಕೌದಿಯ ಬಾಯೊಳಗೆ ಇಟ್ಟೆ. ಆ ಕಾಳು ಎಣಿಸಿ ಹಾಕಿದ ಕೈ ನನ್ನದಲ್ಲ, ಅವಳದು. ಬೇರೆ ಕೈ ಬೇಕಿತ್ತು, ಸಿಕ್ಕಿತು. ಬಾಯಿ ಮುಚ್ಚಿ ಹೊಲಿದು, ಅವಳ ಹೂವನ್ನು ಮೇಲಿಟ್ಟು ಹೊಲಿದು, ದಾರವನ್ನು ಹಲ್ಲಿನಿಂದ ಕಡಿದೆ.

ಆಮೇಲೆ ತಟ್ಟೆ ಎಳೆದುಕೊಂಡು ಹೋಳಿಗೆಯನ್ನು ಈ ಸಲವೂ ಪೂರ್ತಿ ನಾನೇ ತಿಂದೆ. ತಿನ್ನುತ್ತ ಸ್ವಲ್ಪ ಹೊತ್ತು ಒಳಮನೆಯ ಕಡೆ ಕಿವಿಗೊಟ್ಟು ಕೂತೆ. ಕೌದಿ ಉಂಡಿತೇ ಎಂದು ಯಾರೂ ಕೇಳಲಿಲ್ಲ. ‘ಹೂಂ ದೊಡ್ಡವ್ವ, ಉಂಡಿತು’ ಅಂದೆ.