ಆಂಜಿನಪ್ಪನನ್ನು ಹಿಡಿಯುವುದೋ ಬಿಡುವುದೋ

1992ರ ನವೆಂಬರ್ ತಿಂಗಳು. ನನಗಾಗ ಇಪ್ಪತ್ತಾರು ವರ್ಷ. ದೊಡ್ಡಬಳ್ಳಾಪುರದ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುವ ಕೆಲಸ ಮಾಡುತ್ತಿದ್ದೆ. ನನ್ನ ಪಕ್ಕದ ಮಗ್ಗ ಗಂಗಾಧರನದು. ನಾವಿಬ್ಬರೂ ಒಂದೇ ಬೀದಿಯವರು, ಒಂದೇ ಶಾಲೆಯಲ್ಲಿ ಓದು ಬಿಟ್ಟವರು. ಕೆಲಸ ಮುಗಿದ ಮೇಲೆ ನಮಗಿದ್ದ ಹುಚ್ಚೂ ಒಂದೇ, ಕಬಡ್ಡಿ.

ನಮ್ಮ ಬೀದಿಯ ತಂಡದಲ್ಲಿ ಅವನು ಎಡಗಡೆಯ ಕೊನೆಯಲ್ಲಿ ನಿಲ್ಲುತ್ತಿದ್ದ. ಅವನ ಪಕ್ಕ ನಾನು. ಎದುರಾಳಿ ಒಳಗೆ ಬಂದಾಗ ನಾವು ಕೈಕೈ ಹಿಡಿದುಕೊಂಡೇ ಹಿಂದೆ ಸರಿಯುತ್ತಿದ್ದೆವು, ಕೈಕೈ ಹಿಡಿದುಕೊಂಡೇ ನುಗ್ಗುತ್ತಿದ್ದೆವು. ಅವನು ಬಗ್ಗಿ ತೊಡೆಗೆ ಕೈ ಹಾಕಿದರೆ ನಾನು ಎದೆಗೆ ಅಡ್ಡ ಬರಬೇಕು. ನಾನು ಅಡ್ಡ ಬಂದರೆ ಮಾತ್ರ ಓಡುವವನ ವೇಗ ಮುರಿಯುತ್ತದೆ. ನಾಲ್ಕು ವರ್ಷ ಹೀಗೇ ಆಡಿದ್ದೆವು.

ಆ ತಿಂಗಳು ದೇವನಹಳ್ಳಿ ಹತ್ತಿರದ ಕುಂದಾಣದಲ್ಲಿ ರಾಜ್ಯೋತ್ಸವದ ಪಂದ್ಯಾವಳಿ ಇಟ್ಟಿದ್ದರು. ಫೈನಲ್‌ಗೆ ನಾವು ಬಂದೆವು, ಎದುರಿಗೆ ಬೂದಿಗೆರೆಯ ತಂಡ ಬಂತು. ಆ ತಂಡದಲ್ಲಿ ಆಂಜಿನಪ್ಪ ಎಂಬವನಿದ್ದ. ರೇಷ್ಮೆ ಬೆಳೆಯುವವರ ಮನೆಯ ಹುಡುಗ, ನಮ್ಮದೇ ವಯಸ್ಸು. ಅಷ್ಟೆತ್ತರದ ಮನುಷ್ಯ ಅಷ್ಟು ಹಗುರವಾಗಿ ಓಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ಪಂದ್ಯಾವಳಿಯಲ್ಲಿ ಅವನನ್ನು ಯಾರೂ ಹಿಡಿದಿರಲಿಲ್ಲ.

ಫೈನಲ್ ದಿನ ಬೆಳಿಗ್ಗೆ ಹೋಟೆಲಿನಲ್ಲಿ ಟೀ ಕುಡಿಯುತ್ತಾ ವಾದ ಶುರುವಾಯಿತು. ಗಂಗಾಧರನದು ಒಂದೇ ಹಟ.

"ಆಂಜಿನಪ್ಪನ್ನ ಹಿಡೀಬೇಕು ಕಣ್ರೋ. ಅವನೊಬ್ಬ ಹೊರಗೆ ಕೂತ್ರೆ ಮಿಕ್ಕ ಆರು ಜನಕ್ಕೆ ದಿಕ್ಕೇ ತೋಚಲ್ಲ."

ನಾನು ಒಪ್ಪಲಿಲ್ಲ. "ಲೇ ಗಂಗ, ಅವನನ್ನ ಹಿಡಿಯೋಕೆ ಮೂರು ಜನ ನುಗ್ತೀವಿ. ಅವನು ಕಿತ್ಕೊಂಡು ಗೆರೆ ಮುಟ್ಟಿದ್ರೆ ಮೂರೂ ಜನ ಔಟು. ಸುಮ್ನೆ ಹಿಂದಕ್ಕೆ ಸರೀರಿ. ಒಂದ್ಸಲಕ್ಕೆ ಒಂದು ಪಾಯಿಂಟ್ ತಗೊಂಡ್ ಹೋಗ್ಲಿ ಬಿಡು. ಮಿಕ್ಕೋರು ಬರ್ತಾರಲ್ಲ, ಅವರಲ್ಲಿ ಒಬ್ಬನೂ ವಾಪಸ್ ಹೋಗ್ಬಾರ್ದು."

"ಬಿಟ್ಟುಕೊಡೋದು ಒಂದು ಆಟನೇನೋ?"

"ಗೆಲ್ಲೋದು ಆಟ."

ನಮ್ಮ ಕ್ಯಾಪ್ಟನ್ ಸುಬ್ಬಣ್ಣ ನಮಗಿಂತ ಹತ್ತು ವರ್ಷ ದೊಡ್ಡವನು. ಲೋಟ ಕೆಳಗಿಟ್ಟು, "ನಾಗರಾಜ ಹೇಳಿದಂಗೇ ಆಡಣ. ಆಂಜಿನಪ್ಪನ್ನ ಬಿಟ್ಬಿಡಿ" ಎಂದ. ಮೆಟಡೋರಿನಲ್ಲಿ ಕುಂದಾಣಕ್ಕೆ ಹೋಗುವಾಗ ಗಂಗಾಧರ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೂತಿದ್ದ.

ಮಧ್ಯಾಹ್ನ ಆಟ ಶುರುವಾಯಿತು. ನಾನು ಹೇಳಿದ ಹಾಗೇ ನಡೆಯಿತು. ಆಂಜಿನಪ್ಪ ಬಂದಾಗಲೆಲ್ಲ ನಾವು ಹಿಂದಿನ ಗೆರೆಗೆ ಅಂಟಿಕೊಂಡೆವು. ಅವನು ಒಬ್ಬರನ್ನು ಮುಟ್ಟಿ ಹೋಗುತ್ತಿದ್ದ, ಕೆಲವು ಸಲ ಬರಿಗೈಲಿ ಹೋಗುತ್ತಿದ್ದ. ಬೇರೆಯವರು ಬಂದರೆ ಮಾತ್ರ ಮೈಮೇಲೆ ಬೀಳುತ್ತಿದ್ದೆವು. ಆದರೆ ಅವನು ಮುಟ್ಟುತ್ತಿದ್ದದ್ದು ಹೆಚ್ಚಾಗಿ ಕೊನೆಯಲ್ಲಿ ನಿಂತ ಗಂಗಾಧರನನ್ನೇ. ಇವನು ಮೂರು ಸಲ ಔಟಾಗಿ ಹೊರಗೆ ಕೂತು ಮತ್ತೆ ಒಳಗೆ ಬಂದ. ಸುತ್ತ ನಿಂತಿದ್ದ ಜನ, "ಬಳ್ಳಾಪುರದೋರೇ, ನೇಯ್ದಿರೋ ಸೀರೇನ ನೀವೇ ಉಟ್ಕೊಂಡ್ ಬನ್ರೋ!" ಎಂದು ಕೂಗುತ್ತಿದ್ದರು. ಗಂಗಾಧರನ ಕಿವಿ ಕೆಂಪಾಗಿತ್ತು.

ಇನ್ನು ಎರಡು ಮೂರು ನಿಮಿಷ ಉಳಿದಿರಬೇಕು. ನಾವು ನಾಲ್ಕು ಪಾಯಿಂಟ್ ಮುಂದಿದ್ದೆವು. ಆಂಜಿನಪ್ಪ ಮತ್ತೆ ಬಂದ. ನಾನೂ ಗಂಗಾಧರನೂ ನಿಂತಿದ್ದ ಮೂಲೆಗೇ ಬಂದ. ಒಂದು ಕಾಲು ಚಾಚಿ ಯಾರನ್ನೂ ಮುಟ್ಟಲಾಗದೆ ತಿರುಗಿದ. ಆಗ ಗಂಗಾಧರ ನನ್ನ ಕೈಯನ್ನು ಎರಡು ಸಲ ಒತ್ತಿದ. ಅದು ನುಗ್ಗುತ್ತೇನೆ ಎಂಬ ಸನ್ನೆ. ನಾಲ್ಕು ವರ್ಷದಲ್ಲಿ ಆ ಸನ್ನೆಗೆ ನಾನು ಒಂದು ಸಲವೂ ತಪ್ಪಿರಲಿಲ್ಲ.

ನಾನು ಬೆರಳು ಬಿಚ್ಚಿದೆ.

ಕೈ ಜಾರಲಿಲ್ಲ, ನಾನೇ ಬಿಟ್ಟೆ. ಕ್ಯಾಪ್ಟನ್ ಮಾತು ಮೀರಬಾರದು ಎಂದು ಬಿಟ್ಟೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಹೋಗು, ಒಬ್ಬನೇ ಹೋಗಿ ಔಟಾಗು, ಆಗ ಗೊತ್ತಾಗುತ್ತೆ ಯಾರು ಹೇಳಿದ್ದು ಸರಿ ಅಂತ. ಇದೇ ಇದ್ದದ್ದು.

ಗಂಗಾಧರ ತಲೆ ತಗ್ಗಿಸಿ ಒಬ್ಬನೇ ನುಗ್ಗಿದ. ಆಂಜಿನಪ್ಪ ಪೂರಾ ವೇಗದಲ್ಲಿದ್ದ. ಅವನ ಎದೆಗೆ ಅಡ್ಡ ಬರಲು ಯಾರೂ ಇರಲಿಲ್ಲ. ಅವನ ಮೊಣಕಾಲು ಗಂಗಾಧರನ ಕತ್ತಿಗೆ ಬಡಿಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಆಂಜಿನಪ್ಪನ ಕೈ ಗೆರೆಗೆ ಒಂದು ಗೇಣು ಈಚೆ ನಿಂತಿತು. ರೆಫರಿ ಸೀಟಿ ಊದಿ, ಆಂಜಿನಪ್ಪ ಔಟ್ ಎಂದು ಕೈ ತೋರಿಸಿದರು.

ನಾವು ಕುಣಿದೆವು. ನಾನೂ ಕುಣಿದೆ. ಆಂಜಿನಪ್ಪನನ್ನು ಹಿಡಿದುಬಿಟ್ಟೆವು ಎಂದು ಕೂಗಿದೆ. ಗಂಗಾಧರ ಎದ್ದಿಲ್ಲ ಎಂದು ಮೊದಲು ನೋಡಿದವನು ಆಂಜಿನಪ್ಪನೇ. "ಅಣ್ಣ, ಬನ್ರಣ್ಣ ಇಲ್ಲಿ" ಎಂದು ನಮ್ಮನ್ನು ಕರೆದವನೂ ಅವನೇ.

ಗಂಗಾಧರನ ಕಣ್ಣು ತೆರೆದಿತ್ತು. ನಾನು ಪಕ್ಕದಲ್ಲಿ ಕೂತೆ.

"ನಾಗ, ನನ್ ಕಾಲು ಮಡಚ್ಕೊಂಡಿದೆಯೇನೋ? ನೆಟ್ಟಗೆ ಮಾಡೋ" ಎಂದ.

ಅವನ ಕಾಲು ನೆಟ್ಟಗೇ ಇತ್ತು. ನಾನು ಸುಮ್ಮನೆ ಅವನ ಎರಡೂ ಕಾಲನ್ನು ಹಿಡಿದು ಸವರಿದೆ. "ಮಾಡ್ದೆಯಾ?" ಎಂದ. "ಮಾಡ್ದೆ" ಎಂದೆ.

ನಮಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಕೈ ಕಾಲು ಹಿಡಿದು ಮೂಟೆ ಎತ್ತುವ ಹಾಗೆ ಎತ್ತಿ ಮೆಟಡೋರಿಗೆ ಹಾಕಿದೆವು. ಅವನ ತಲೆ ಒಂದು ಕಡೆಗೆ ಜೋತುಬಿದ್ದಿತ್ತು. ಸುಬ್ಬಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡ. ದೇವನಹಳ್ಳಿ ಆಸ್ಪತ್ರೆಯಲ್ಲಿ ತೋರಿಸಿದೆವು. ಅವರು ಬೆಂಗಳೂರಿಗೆ ಒಯ್ಯಿರಿ ಎಂದರು. ಅಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, "ಕತ್ತಿನ ಮೂಳೆ ಮುರಿದಿದೆ. ಎತ್ತುವಾಗ ಹಲಗೆ ಮೇಲೆ ಮಲಗಿಸಲಿಲ್ಲವಾ?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಗಂಗಾಧರನ ಹೆಂಡತಿ ಸರೋಜ ವಾರ್ಡಿಗೆ ಬಂದಳು. ಸೊಂಟದಲ್ಲಿ ಒಂದು ವರ್ಷದ ಹೆಣ್ಣು ಮಗು. ಅತ್ತು ಅತ್ತು ಅವಳ ದನಿ ಹೋಗಿತ್ತು. ಎಲ್ಲರ ಎದುರಿಗೆ ನನ್ನನ್ನೇ ಕೇಳಿದಳು.

"ನಾಗರಾಜಣ್ಣ, ನೀವು ಪಕ್ಕದಲ್ಲೇ ಇದ್ರಲ್ಲ. ಹೆಂಗಾಯ್ತು?"

ಹಾಸಿಗೆಯಿಂದ ಗಂಗಾಧರನೇ ಹೇಳಿದ. "ಬೆವ್ರಿತ್ತು ಕಣೇ. ನನ್ ಕೈ ಜಾರ್ತು." ಹೇಳಿ ನನ್ನ ಕಡೆ ಒಂದು ಸಲ ನೋಡಿದ.

ಕೆಲವು ದಿನ ಬಿಟ್ಟು ಆಂಜಿನಪ್ಪ ಆಸ್ಪತ್ರೆಗೆ ಬಂದ. ಕೈಯಲ್ಲಿ ಎರಡು ಎಳನೀರು ಇತ್ತು. ನಮ್ಮ ಬೀದಿಯವನೊಬ್ಬ ಅವನ ಕೊರಳಪಟ್ಟಿ ಹಿಡಿದು, "ಬೇಕಂತ್ಲೇ ಹೊಡ್ದೆ ನೀನು! ಈಗ ನೋಡೋಕ್ ಬಂದ್ಯಾ?" ಎಂದು ಕಪಾಳಕ್ಕೆ ಬಿಟ್ಟ. ಆಂಜಿನಪ್ಪ ಕೈ ಎತ್ತಲಿಲ್ಲ. ನಾನು ಎರಡು ಮಾರು ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ಅವನದು ತಪ್ಪಲ್ಲ ಎನ್ನುವುದಕ್ಕೆ ನನಗೆ ಒಂದು ಮಾತು ಸಾಕಿತ್ತು. ಆಡಲಿಲ್ಲ. ಅವನು ಎಳನೀರು ಬಾಗಿಲ ಹತ್ತಿರ ಇಟ್ಟು ಹೋದ. ಆಮೇಲೆ ಅವನು ಕಬಡ್ಡಿ ಆಡಲೇ ಇಲ್ಲ ಎಂದು ಕೇಳಿದೆ.

ಎರಡು ತಿಂಗಳಾದ ಮೇಲೆ ಗಂಗಾಧರನನ್ನು ಮನೆಗೆ ಕಳಿಸಿದರು. ಕತ್ತಿನಿಂದ ಕೆಳಗೆ ಏನೂ ಇಲ್ಲ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಸರೋಜ ಒಬ್ಬಳಿಂದ ಆಗುತ್ತಿರಲಿಲ್ಲ. ನಾನು ಕೆಲಸಕ್ಕೆ ಹೋಗುವ ಮೊದಲು ಹೋಗುತ್ತಿದ್ದೆ, ಊಟದ ಹೊತ್ತಿಗೆ ಹೋಗುತ್ತಿದ್ದೆ, ಸಂಜೆ ಹೋಗುತ್ತಿದ್ದೆ. ಭಾನುವಾರ ಗಡ್ಡ ಮಾಡುತ್ತಿದ್ದೆ. "ಈ ಕಾಲದಲ್ಲಿ ಇಂಥಾ ಸ್ನೇಹಿತ ಎಲ್ಲಿ ಸಿಗ್ತಾನೆ" ಎಂದು ಬೀದಿಯವರು ಹೊಗಳುತ್ತಿದ್ದರು. ಅದನ್ನು ಕೇಳಿದ ದಿನ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಭಾನುವಾರ ಸರೋಜ ನೀರು ತರಲು ಹೋಗಿದ್ದಳು. ಗಡ್ಡ ಮಾಡುತ್ತಿದ್ದ ಕೈ ನಿಲ್ಲಿಸಿ, "ಗಂಗ, ಅವತ್ತು ನಾನು..." ಎಂದೆ.

"ಸುಮ್ನಿರು" ಎಂದ.

"ಹೇಳ್ಬಿಡ್ತೀನಿ ಕಣೋ. ಸರೋಜಂಗೂ ಹೇಳ್ತೀನಿ."

"ಹೇಳಿದ್ರೆ ಅವಳು ನಿನ್ನ ಈ ಹೊಸಲು ದಾಟೋಕೆ ಬಿಡಲ್ಲ. ಆಮೇಲೆ ನನ್ನ ಯಾರೋ ತಿರುಗಿಸ್ತಾರೆ?"

ಅಲ್ಲಿಯವರೆಗೆ ಅವನು ನನ್ನನ್ನು ಕ್ಷಮಿಸಿದ್ದಾನೆ ಎಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಆ ಸುಳ್ಳು ಹೇಳಿದ್ದು ನನ್ನ ಮೇಲಿನ ಪ್ರೀತಿಗೆ ಎಂದುಕೊಂಡಿದ್ದೆ. ಇರಬಹುದು, ಇಲ್ಲದಿರಲೂಬಹುದು. ನಾನು ಮತ್ತೆ ಕೇಳಲಿಲ್ಲ. ಅವನ ಕೆನ್ನೆಯ ಮೇಲೆ ಸೋಪು ಒಣಗುತ್ತಿತ್ತು. ಉಳಿದ ಗಡ್ಡ ತೆಗೆದು, ಮುಖ ಒರೆಸಿ, ಗೋಡೆ ಕಡೆಗೆ ತಿರುಗಿಸಿ ಮಲಗಿಸಿ ಬಂದೆ.

1994ರ ಮಳೆಗಾಲದಲ್ಲಿ ಬೆನ್ನಿನ ಹುಣ್ಣು ಕೀವಾಗಿ, ಜ್ವರ ಏರಿ, ಗಂಗಾಧರ ತೀರಿಹೋದ.

ಸರೋಜ ಮನೆಯಲ್ಲೇ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಹಿಡಿದು ಮಗಳನ್ನು ಸಾಕಿದಳು. ನಾನು ಆಗಾಗ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದೆ. ಹೀಗೆ ಐದು ವರ್ಷ ಕಳೆಯಿತು. 1999ರಲ್ಲಿ ಒಂದು ದಿನ ಹೋದಾಗ ಅವಳೇ ಮಾತು ತೆಗೆದಳು.

"ಬೂದಿಗೆರೆ ಆಂಜಿನಪ್ಪ ಇದಾನಲ್ಲಣ್ಣ, ಅವನ ಹೆಂಡ್ತಿಗೆ ಹುಟ್ಟಿದ ಮಗು ಉಳೀಲಿಲ್ವಂತೆ. ಎರಡನೇದೂ ಹಂಗೇ ಆಯ್ತಂತೆ. ಆಗ್ಲಿ. ನನ್ನ ಹೊಟ್ಟೆ ಉರಿಸಿದೋನಿಗೆ ದೇವರು ಸರಿಯಾಗೇ ಮಾಡಿದಾನೆ."

ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಕೈ ಜಾರಿದ್ದಲ್ಲ, ನಾನು ಬಿಟ್ಟಿದ್ದು ಎಂದೆ. ಯಾಕೆ ಬಿಟ್ಟೆ ಎಂಬುದನ್ನೂ ಹೇಳಿದೆ. ಗಂಗಾಧರ ಯಾಕೆ ಹೇಳಬೇಡವೆಂದ ಎಂಬುದನ್ನೂ ಮುಚ್ಚಿಡಲಿಲ್ಲ.

ಅವಳು ರಾಟೆ ನಿಲ್ಲಿಸಿದಳು.

"ಅವರು ಇದ್ದಾಗ ಹೇಳ್ಲಿಲ್ಲ, ಸರಿ. ಅವರು ಹೋಗಿ ಐದು ವರ್ಷ ಆಯ್ತು. ಈಗ ಯಾಕೆ ಹೇಳಿದ್ರಿ? ನಿಮ್ಮ ಎದೆ ಹಗುರ ಮಾಡ್ಕೊಳ್ಳೋಕಾ?"

ಅವಳು ಕೈಯಲ್ಲಿದ್ದ ಕಂಡಿಕೆಯನ್ನು ಪಕ್ಕಕ್ಕಿಟ್ಟಳು.

"ನಾನು ಇಷ್ಟು ವರ್ಷ ದೀಪ ಹಚ್ಚಿದಾಗಲೆಲ್ಲ ಅವನಿಗೆ ಶಾಪ ಹಾಕಿದೀನಿ. ಅದನ್ನ ಈಗ ನಾನು ಹೆಂಗೆ ವಾಪಸ್ ತಗೊಳ್ಳಲಿ? ಹೋಗಿ. ನನಗೆ ಹೇಳಿದ್ದನ್ನ ಅವನಿಗೆ ಹೇಳಿ."

ಮರುದಿನವೇ ಬೂದಿಗೆರೆಗೆ ಹೋದೆ. ಆಂಜಿನಪ್ಪ ಮನೆಯ ಮುಂದೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ. ತಲೆಗೂದಲು ಆಗಲೇ ನೆರೆತಿತ್ತು. ನನ್ನ ಗುರುತು ಸಿಕ್ಕಿತು. ಚಾಪೆ ಹಾಸಿದ, ನೀರು ಕೊಟ್ಟ. ನಾನು ಕೂರದೆ ಹೇಳಿದೆ. ಕೊನೆವರೆಗೂ ತಲೆ ತಗ್ಗಿಸಿಕೊಂಡು ಕೇಳಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನೀವು ಕೈ ಬಿಟ್ರೋ, ಅವರ ಕೈ ಜಾರ್ತೋ, ನಂಗೆ ಗೊತ್ತಿರ್ಲಿಲ್ಲ" ಎಂದ. "ಆದ್ರೆ ಅವರು ತಲೆ ಬಗ್ಗಿಸ್ಕೊಂಡು ಬರೋದು ನಂಗೆ ಕಾಣ್ತಾ ಇತ್ತಣ್ಣ. ನಿಲ್ಬೋದಿತ್ತು. ಗೆರೆ ಅಷ್ಟು ಹತ್ರ ಇತ್ತು. ನಿಲ್ಲಲಿಲ್ಲ."

ಆಮೇಲೆ ಸೊಪ್ಪು ಹೆಚ್ಚುವುದನ್ನು ಮುಂದುವರಿಸಿದ. ಒಳಗಿಂದ ಅವನ ಹೆಂಡತಿ, "ಯಾರು ಬಂದಿರೋದು?" ಎಂದು ಕೇಳಿದಳು. "ಗೊತ್ತಿರೋರು" ಎಂದ.

ಸರೋಜಳಿಗೆ ಬಂದು ಹೇಳಿದೆ. ಬಾಗಿಲಲ್ಲೇ ನಿಂತು ಕೇಳಿ, "ಆಯ್ತು" ಎಂದು ಒಳಗೆ ಹೋದಳು. ಅವತ್ತಿನಿಂದ ನಾನು ಆ ಮನೆಗೆ ಹೋಗಿಲ್ಲ, ಅವಳೂ ಕರೆದಿಲ್ಲ. ಅವಳ ಮಗಳ ಮದುವೆಯ ಕರೆಯೋಲೆ ನಮ್ಮ ಬೀದಿಯ ಎಲ್ಲ ಮನೆಗೂ ಬಂತು, ನಮ್ಮ ಮನೆಗೆ ಬರಲಿಲ್ಲ. ಅದರಲ್ಲಿ ಅವಳದೇನೂ ತಪ್ಪಿಲ್ಲ.

ಅವತ್ತಿನ ಆಟದಲ್ಲಿ ಆಂಜಿನಪ್ಪನನ್ನು ಬಿಡುವುದೇ ಸರಿ ಎಂದು ನನಗೆ ಈಗಲೂ ಅನ್ನಿಸುತ್ತದೆ. ನಾಲ್ಕು ಪಾಯಿಂಟ್ ಮುಂದಿದ್ದೆವು, ಗೆಲ್ಲುತ್ತಿದ್ದೆವು. ಆದರೆ ಪಕ್ಕದಲ್ಲಿದ್ದವನು ನುಗ್ಗಿದ ಮೇಲೆ ಸರಿ ತಪ್ಪು ನೋಡುತ್ತಾ ನಿಲ್ಲುವ ಹೊತ್ತು ಅದಾಗಿರಲಿಲ್ಲ. ಅವನ ಜೊತೆ ಹೋಗಿ ಇಬ್ಬರೂ ಔಟಾಗಬೇಕಿತ್ತು. ಹೊರಗೆ ಕೂತು ಅವನನ್ನು ಚೆನ್ನಾಗಿ ಬೈಯಬೇಕಿತ್ತು. ಮೆಟಡೋರಿನಲ್ಲಿ ಜಗಳ ಆಡಿಕೊಂಡು ಊರಿಗೆ ಬರಬೇಕಿತ್ತು.